ಖಾಡಿಯ ಮಾವ್ಶಿಯೊಡನೆ ಕೆನಡಾದ ಕಡಲಿಗೆ

ಠಾಕುರ್ಲಿ

ಪರದೇಶಕ್ಕೆ ಹೋಗಿ ಬಂದವರು ನಮ್ಮ ಡೊಂಬಿವಲಿ ಕಡೆ ಮೂರು ತಿಂಗಳು ಬೇರೆ ಮಾತಾಡುವುದಿಲ್ಲ. ಅಲ್ಲಿನ ರಸ್ತೆಯ ಮೇಲೆ ಅನ್ನ ಹಾಕಿಕೊಂಡು ಉಣ್ಣಬಹುದು ಎನ್ನುತ್ತಾರೆ. ಹಾಗೆ ಉಂಡವರನ್ನು ನಾನಂತೂ ಕಂಡಿಲ್ಲ. ನಾನು ಕೆನಡಾದಿಂದ ಬಂದಾಗ ನಮ್ಮ ಬಿಲ್ಡಿಂಗಿನ ಹೆಂಗಸರು ನಾನು ತಂದ ಚಾಕೊಲೇಟನ್ನೆಲ್ಲ ಮುಗಿಸಿ, "ಈಗ ಹೇಳಿ, ಹೇಗಿತ್ತು?" ಎಂದು ಕಾಲು ಚಾಚಿ ಕೂತರು. ಚೆನ್ನಾಗಿತ್ತು ಎಂದು ಹೇಳಿ ಕಳಿಸಿದೆ. ಹೇಳಬೇಕಾದದ್ದು ರಸ್ತೆಯ ವಿಷಯವಾಗಿರಲಿಲ್ಲ, ನನ್ನ ಮರ್ಯಾದೆಯ ವಿಷಯವಾಗಿತ್ತು.

ನಾನು ನವಿ ಮುಂಬಯಿಯ ಒಂದು ಸಣ್ಣ ಮೀನು ಸಂಶೋಧನಾ ಸಂಸ್ಥೆಯಲ್ಲಿ ಸಮೀಕ್ಷೆಯ ಸಹಾಯಕಿ. ಠಾಕುರ್ಲಿಯಿಂದ ಠಾಣೆ, ಠಾಣೆಯಲ್ಲಿ ಗಾಡಿ ಬದಲಿಸಿ ಸೀವುಡ್ಸ್. ಹತ್ತೂವರೆಗೆ ಮಸ್ಟರಿನಲ್ಲಿ ಸಹಿ, ಹನ್ನೊಂದಕ್ಕೆ ಜೀಪಿನಲ್ಲಿ ಖಾಡಿಯ ದಂಡೆ. ಕಡಲ ನೀರು ಒಳನುಗ್ಗಿ ಬಂದು ಹೋಗುವ ಕೆಸರಿನ ಹಿನ್ನೀರಿಗೆ ಇಲ್ಲಿ ಖಾಡಿ ಎನ್ನುತ್ತಾರೆ. ದಂಡೆಯಲ್ಲಿ ನಿಂತು ಫಾರಂ ತುಂಬಿಸಿದರೆ ಒಂದು ಗಂಟೆಗೆ ಡಬ್ಬಿ ಬಿಚ್ಚಲು ವಾಪಸ್. ವಿಜ್ಞಾನ ಎಂದರೆ ಇಷ್ಟೇ ಎಂದು ನನಗೆ ಹದಿನಾಲ್ಕು ವರ್ಷ ಗಟ್ಟಿ ನಂಬಿಕೆ ಇತ್ತು.

ಸೀವುಡ್ಸ್ ಸ್ಟೇಷನ್ನಿನ ತಲೆಯ ಮೇಲೆ ಮಾಲ್ ಏಳುತ್ತಿದ್ದ ಕಾಲ ಅದು. ಅಲ್ಲಿಂದ ಸ್ವಲ್ಪ ದೂರ ಖಾಡಿಗೆ ತಾಗಿಕೊಂಡು ಒಂದು ಕೋಳಿವಾಡ, ಅಂದರೆ ಇಲ್ಲಿನ ಮೂಲ ಬೆಸ್ತರಾದ ಕೋಳಿ ಜನರ ಕೇರಿ. ಆ ಕೇರಿಯ ಹೆಂಗಸರು ಖಾಡಿಯ ಕೆಸರು ತಿಟ್ಟೆಯಿಂದ ಚಿಪ್ಪುಮೀನು, ಅಂದರೆ ನಮ್ಮ ಊರಿನ ಮರುವಾಯಿ, ಆರಿಸಿ ಮಾರಿ ಬದುಕುತ್ತೇವೆ ಎನ್ನುತ್ತಿದ್ದರು. ಆ ತಿಟ್ಟೆಯ ಮೇಲೆ ಮಣ್ಣು ತುಂಬಿ ರಸ್ತೆ ತರುವ ಯೋಜನೆ ಬಂತು. ಅಲ್ಲಿ ಯಾರಾದರೂ ದುಡಿಯುತ್ತಾರೋ ಇಲ್ಲವೋ ಎಂದು ನಮ್ಮ ಸಂಸ್ಥೆ ವರದಿ ಕೊಡಬೇಕು. ಇಲ್ಲ ಎಂದರೆ ತಿಟ್ಟೆ ಹೋಯಿತು. ತಿಂಗಳಿಗೆ ಎರಡು ಸಲದಂತೆ ಮೂರು ವರ್ಷ ಸಮೀಕ್ಷೆ ನಡೆಯಿತು. ಆರಿಸುವವರು ಸೊನ್ನೆ, ಮರುವಾಯಿ ಸೊನ್ನೆ. ಸಮೀಕ್ಷೆಗೆ ಹೋದವಳೂ ಸೊನ್ನೆ ಬರೆದವಳೂ ನಾನೇ. ಕಂಡದ್ದನ್ನು ಬರೆದೆ. ಮೂರು ವರ್ಷದಲ್ಲಿ ಅಲ್ಲಿ ನಾನು ಕಂಡದ್ದು ನೀರು, ಬಿಟ್ಟರೆ ಕೊಕ್ಕರೆ.

ವರದಿ ಅಚ್ಚಿಗೆ ಹೋಗುವುದರೊಳಗೆ ಕೆನಡಾದಿಂದ ಕರೆಯೋಲೆ ಬಂತು. ಮೂಲನಿವಾಸಿಗಳ ತಿಳಿವಳಿಕೆಯನ್ನೂ ಪಶ್ಚಿಮದ ವಿಜ್ಞಾನವನ್ನೂ ಕೂಡಿಸಿ ಮೀನು ಉಳಿಸುವುದು ಹೇಗೆ ಎಂದು ಒಂದು ವಾರದ ಕಮ್ಮಟ. ಪ್ರತಿ ಸಂಸ್ಥೆಯವರೂ ತಿಳಿವಳಿಕೆ ಉಳ್ಳ ಒಬ್ಬ ಸ್ಥಳೀಯರನ್ನು ಜೊತೆಗೆ ಕರೆತರಬೇಕಂತೆ. ಅಂದರೆ ನಮಗೆ ಅದು ಇಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು.

ನಮ್ಮ ದೇಸಾಯಿ ಸಾಹೇಬರು ಧಾರವಾಡದವರು, ಮೀನಿನ ಮೇಲೆ ಡಾಕ್ಟರೇಟ್ ಮಾಡಿದವರು, ಮೀನು ಮುಟ್ಟದವರು. ಲ್ಯಾಬಿನಲ್ಲಿ ಬಾಟಲಿಯ ಮುಚ್ಚಳ ತೆಗೆಯಬೇಕಾದರೂ ನನ್ನನ್ನು ಕರೆಯುತ್ತಾರೆ. ಅವರು ಹೇಳಿದರು: "ವಾರಿಜಾಬಾಯಿ, ಆ ಕೇರಿಯಿಂದ ಒಬ್ಬಾಕಿ ಮುದುಕಿನ್ನ ಹುಡುಕ್ರಿ. ಫೋಟೋದಾಗ ಚಲೋ ಕಾಣಬೇಕು. ಭಾಳ ಮಾತಾಡೂ ಪೈಕಿ ಬ್ಯಾಡ."

ನಾನು ಹುಡುಕಬೇಕಾಗಿರಲಿಲ್ಲ. ಆ ಕೇರಿಯ ಹಿರಾ ಮಾವ್ಶಿ, ಅಂದರೆ ಎಲ್ಲರ ಚಿಕ್ಕಮ್ಮ, ತಿಂಗಳಿಗೊಮ್ಮೆ ತಾನಾಗಿಯೇ ಆಫೀಸಿಗೆ ಬಂದು, ತಿಟ್ಟೆಯ ವರದಿ ಏನಾಯಿತು ಎಂದು ಬಾಗಿಲಲ್ಲಿ ನಿಲ್ಲುವವಳು. ಎಪ್ಪತ್ತರ ಹತ್ತಿರದ, ಕಚ್ಚೆ ಸೀರೆಯ, ಮೂಗಿನಲ್ಲಿ ನತ್ತಿನ ಹೆಂಗಸು. ಫೋಟೋಕ್ಕೆ ಹೇಳಿ ಮಾಡಿಸಿದ ಹಾಗಿದ್ದಳು. ಮಾತಿನ ವಿಷಯ ನಾನು ಸಾಹೇಬರಿಗೆ ತಿಳಿಸಲಿಲ್ಲ. ಅವಳಿಗೆ ತನ್ನ ಕೋಳಿ ಮರಾಠಿ ಬಿಟ್ಟು ಬೇರೆ ಬಾರದು, ಹಾಗಾಗಿ ದುಭಾಷಿಯಾಗಿ ನನಗೂ ಟಿಕೆಟ್ ಸಿಕ್ಕಿತು. ಅವಳ ಮಾತನ್ನು ಇಲ್ಲಿ ನಮ್ಮ ಉಡುಪಿ ಕಡೆಯ ಕನ್ನಡಕ್ಕೆ ಇಳಿಸಿದ್ದೇನೆ. ಕಡಲ ತಡಿಯ ಹೆಂಗಸರ ಬಾಯಿ ಎಲ್ಲ ಕಡೆಯೂ ಒಂದೇ.

"ನಾನೂ ಮೊಗವೀರರ ಮನೆಯವಳೇ ಮಾವ್ಶಿ. ನಮ್ಮ ಅಜ್ಜಿ ಮೀನಿನ ಬುಟ್ಟಿ ಹೊತ್ತವಳು" ಎಂದೆ ಹೆಮ್ಮೆಯಿಂದ.

"ಹಾಗಾದ್ರೆ ನಿಂಗೆ ನೀರಿನ ವಿಷಯ ಹೇಳಿಕೊಡೂದು ಬೇಡ, ಪೋರಿ" ಎಂದಳು. ಐವತ್ತು ದಾಟಿದ ನಾನು ಅವಳಿಗೆ ಪೋರಿ, ಅಂದರೆ ಹುಡುಗಿ. "ನಾನು ಬರ್ತೇನೆ. ಅಲ್ಲಿ ದೊಡ್ಡ ದೊಡ್ಡವರು ಸೇರ್ತಾರಲ್ಲ? ನಮ್ಮ ತಿಟ್ಟೆಯಲ್ಲಿ ಏನೂ ಇಲ್ಲ ಅಂತ ಬರೆದಾಗಿದೆಯಂತೆ, ಆ ಕುರುಡ ಯಾರು ಅಂತ ಎಲ್ಲರ ಎದುರು ಕೇಳ್ತೇನೆ."

ಕುರುಡಿ ಎದುರಿಗೇ ಕೂತಿದ್ದಳು. ನಾನು ಮಾವ್ಶಿಯ ಪಾಸ್‌ಪೋರ್ಟ್ ಫಾರಂ ತುಂಬಿಸತೊಡಗಿದೆ. ಹನ್ನೊಂದು ಗಂಟೆಯ ಹೊತ್ತಿಗೆ ಮಾವ್ಶಿ ದಿನವೂ ನೆರೂಳ್ ಮಾರ್ಕೆಟ್ಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿರುತ್ತಿದ್ದಳು, ಹಾಗಾಗಿ ಖಾಡಿಯ ದಂಡೆಯಲ್ಲಿ ನನ್ನನ್ನು ಒಮ್ಮೆಯೂ ಕಂಡಿರಲಿಲ್ಲ. ಹೊರಡುವ ದಿನ ನನ್ನ ಮಗಳು ಬ್ಯಾಗಿಗೆ ಬೀಗ ಹಾಕುತ್ತ, "ಮಮ್ಮಿ, ಉಧರ್ ಜಾಕೆ ಕಿಸೀಕೋ ಡಾಂಟ್‌ನಾ ಮತ್" ಎಂದಳು. ಅಲ್ಲಿ ಹೋಗಿ ಯಾರನ್ನೂ ಬೈಯಬೇಡ ಎಂದು ತಾಯಿಗೆ ಬುದ್ಧಿ. ಕನ್ನಡದಲ್ಲಿ ಕೇಳಿ ಹಿಂದಿಯಲ್ಲಿ ಉತ್ತರ ಕೊಡುವ ಈ ಪೀಳಿಗೆಗೆ ಬೈಗುಳದ ರುಚಿಯೂ ಗೊತ್ತಿಲ್ಲ.

ವಿಮಾನ ಇಳಿದ ಊರು

ಇಳಿಯುವ ಮೊದಲು ಒಂದು ಚೀಟಿ ಕೊಡುತ್ತಾರೆ. ಹಣ್ಣು ಉಂಟೇ, ಮಾಂಸ ಉಂಟೇ, ಮೀನು ಉಂಟೇ ಎಂದು ಪ್ರಶ್ನೆಗಳು. ಸಾಹೇಬರು ನಮ್ಮ ಮೂವರ ಚೀಟಿಗಳನ್ನೂ ತಾವೇ ತೆಗೆದುಕೊಂಡು ಎಲ್ಲದಕ್ಕೂ ಇಲ್ಲ ಎಂದು ಗುರುತು ಹಾಕಿದರು. "ಪರದೇಶದಾಗ ಫಾರಂ ಕರೆಕ್ಟ್ ಇರಬೇಕ್ರಿ" ಎಂದರು.

ಸಾಮಾನು ಬರುವ ಬೆಲ್ಟಿನ ಹತ್ತಿರ ಸಣ್ಣ ನಾಯಿಯೊಂದು ಎಲ್ಲರ ಸಾಮಾನು ಮೂಸುತ್ತ ಬಂತು. ಮಾವ್ಶಿಯ ಬಟ್ಟೆಗಂಟನ್ನು ದಾಟಿತು, ನನ್ನ ಬ್ಯಾಗನ್ನು ದಾಟಿತು, ಸಾಹೇಬರ ಸೂಟ್‌ಕೇಸಿನ ಮುಂದೆ ಕೂತಿತು. ಎಬ್ಬಿಸಿದರೂ ಏಳಲಿಲ್ಲ. ಅಧಿಕಾರಿಗಳು ಕೈಗವಸು ಹಾಕಿಕೊಂಡು ತೆರೆದಾಗ ಸಾಹೇಬರ ಮಡಿ ಪಂಚೆಯ ಒಳಗಿಂದ ಒಣ ಬೊಂಬಿಲ್ ಮೀನಿನ ಎರಡು ಕಟ್ಟು ಹೊರಬಂತು. ತನ್ನ ಗಂಟಿನಲ್ಲಿ ಜಾಗವಿಲ್ಲ ಎಂದು ಮಾವ್ಶಿ ಮುಂಬಯಿಯಲ್ಲೇ ಅದನ್ನು ಅಲ್ಲಿ ಸೇರಿಸಿದ್ದಳು.

"ಇದನ್ನ ಯಾರ್ ಇಟ್ರಿ ನನ್ನ ಬ್ಯಾಗಿನ್ಯಾಗ?" ಎಂದು ಸಾಹೇಬರು ಕೂಗಿದರು. ಅಧಿಕಾರಿಗೆ ತಾವು ಮೀನೇ ತಿನ್ನುವುದಿಲ್ಲ ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ಅವನು ಬಂದ ಕಾರಣ ಕೇಳಿದ. ಮೀನಿನ ಸಮ್ಮೇಳನಕ್ಕೆ ಎಂದರು. ಅವನು ತನ್ನ ಜೊತೆಯವನನ್ನು ಕರೆದ. ಒಂದೂವರೆ ಗಂಟೆ ಅಲ್ಲೇ ನಿಂತೆವು. ಮೀನು ಹೋದದ್ದಕ್ಕೆ ಮಾವ್ಶಿಗೆ ಸಂಕಟ, ಮೀನು ಸಿಕ್ಕಿದ್ದಕ್ಕೆ ಸಾಹೇಬರಿಗೆ ಸಂಕಟ. ನನಗೆ ಮಾತ್ರ ಪ್ರಯಾಣ ಚೆನ್ನಾಗಿ ಶುರುವಾಯಿತು ಅನ್ನಿಸಿತು.

ಮೊದಲ ದಿನ, ವೃತ್ತಗಳ ಕೋಣೆ

ಅಲ್ಲಿಂದ ದೋಣಿ, ಬಸ್ಸು, ಮತ್ತೆ ದೋಣಿ. ಪಶ್ಚಿಮ ಕರಾವಳಿಯ ಒಂದು ದ್ವೀಪದ ಸಣ್ಣ ಊರು. ಅಲ್ಲಿನ ಮೂಲ ಜನರ ಹೆಸರಿನಲ್ಲಿ ನನ್ನ ಗಂಟಲಿಗೆ ಬಾರದ ಎರಡು ಧ್ವನಿಗಳಿವೆ. ತಪ್ಪಾಗಿ ಬರೆಯುವುದಕ್ಕಿಂತ ಬರೆಯದಿರುವುದು ವಾಸಿ.

ಕಮ್ಮಟ ಶುರುವಾಗುವ ಮೊದಲು ಒಬ್ಬ ಅಧಿಕಾರಿ ಎದ್ದು, ಈ ನೆಲ ಇಲ್ಲಿಯ ಮೂಲ ಜನರದು ಎಂದು ಕಾಗದ ನೋಡಿ ಓದಿದ. ಓದಿ ಕೂತ. ನಾನು ಮಾವ್ಶಿಗೆ ಮರಾಠಿಯಲ್ಲಿ ಹೇಳಿದೆ.

"ಒಳ್ಳೇದಾಯ್ತು. ಯಾವಾಗ ವಾಪಸ್ ಕೊಡ್ತಾರಂತೆ?" ಎಂದಳು.

ಅದು ಕಾಗದದಲ್ಲಿ ಇರಲಿಲ್ಲ.

ಆಮೇಲೆ ಪರದೆಯ ಮೇಲೆ ಎರಡು ವೃತ್ತ ಬಂದವು. ಒಂದು ಅವರ ತಿಳಿವಳಿಕೆ, ಒಂದು ನಮ್ಮ ವಿಜ್ಞಾನ. ಎರಡೂ ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿದ್ದವು, ಹತ್ತಿದ ಜಾಗಕ್ಕೆ ಹಸಿರು ಬಣ್ಣ. ಆ ಹಸಿರು ಜಾಗದಲ್ಲಿ ಏನಿದೆ ಎಂದು ಹಳದಿ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಹನ್ನೊಂದು ದೇಶದವರು ತಲೆ ಬಗ್ಗಿಸಿ ಬರೆದರು. ಚೀಟಿಗಳನ್ನು ಓದಿ ನೋಡಿದರೆ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ "ಗೌರವ" ಎಂದಿತ್ತು. ಸಾಹೇಬರು "ಪರಸ್ಪರ ಗೌರವ" ಎಂದು ಬರೆದಿದ್ದರು, ಅವರಿಗೆ ಚಪ್ಪಾಳೆ ಬಂತು. ಹೋದ ವಾರವಷ್ಟೇ ಅವರು ಮಾವ್ಶಿಯನ್ನು ಆಫೀಸಿನ ಬಾಗಿಲಲ್ಲಿ ಎರಡು ಗಂಟೆ ನಿಲ್ಲಿಸಿದ್ದರು.

ಚಹಾದ ಹೊತ್ತಿಗೆ ಜನ ಮಾವ್ಶಿಯ ಸುತ್ತ ಸೇರಿದರು. ಕಚ್ಚೆ ಸೀರೆಯ ಮೇಲೆ ಗಂಡಸರ ಸ್ವೆಟರ್, ಕಾಲಿಗೆ ಉಣ್ಣೆಯ ಕಾಲುಚೀಲ, ಮೂಗಿನಲ್ಲಿ ನತ್ತು. ಒಬ್ಬಾಕೆ ಅವಳ ಕೈ ಹಿಡಿದು, ನಿಮ್ಮಿಂದ ಒಂದು ಶಕ್ತಿ ಹೊರಡುತ್ತಿದೆ ಎಂದಳು. ಮಾವ್ಶಿ ಏನೆಂದು ಕೇಳಿದಳು. ಹೇಳಿದೆ. "ಶಕ್ತಿ ಅಲ್ಲ, ಹಸಿವು. ಇವರ ಚಹಾದಲ್ಲಿ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ" ಎಂದಳು. ನಾನು ಅದನ್ನು "ಧನ್ಯವಾದ" ಎಂದು ಇಂಗ್ಲಿಷಿಗೆ ತಿರುಗಿಸಿದೆ. ಅಲ್ಲಿಂದಲೇ ನನ್ನ ಸುಳ್ಳು ದುಭಾಷಿತನ ಶುರುವಾದದ್ದು. ಒಮ್ಮೆ ಅಭ್ಯಾಸವಾದರೆ ಅದು ಬಹಳ ಸಲೀಸು.

ಎರಡನೇ ದಿನ, ಮೀನಂಗಡಿ

ಊರಿನ ಅಂಗಡಿಗೆ ಮಾವ್ಶಿ ನನ್ನನ್ನು ಎಳೆದುಕೊಂಡು ಹೋದಳು. ಮೀನು ಇತ್ತು. ಆದರೆ ತಲೆ ಇಲ್ಲ, ಬಾಲ ಇಲ್ಲ, ಮುಳ್ಳು ಇಲ್ಲ, ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಸೋಪಿನ ಹಾಗೆ ಜೋಡಿಸಿದ್ದರು. ವಾಸನೆಯೂ ಇಲ್ಲ. ಮಾವ್ಶಿ ಒಂದನ್ನು ತಿರುಗಿಸಿ ಮುರುಗಿಸಿ ನೋಡಿ ಇಟ್ಟಳು.

"ಕಿವಿರು ನೋಡದೆ ಮೀನು ತಗೊಳ್ಳೂದು ಹೇಗೆ? ತಲೆ ತೆಗೆದು ಮಾರುವವ ಎಂತದೋ ಅಡಗಿಸ್ತಾನೆ."

ಡೊಂಬಿವಲಿಯ ಮಾರ್ಕೆಟ್ಟಿನಲ್ಲಿ ಕಿವಿರು ಎತ್ತಿ ನೋಡದೆ ಬಂಗುಡೆ ತೆಗೆದುಕೊಂಡವಳನ್ನು ಮಾರುವವಳೇ ಬೈಯುತ್ತಾಳೆ. ಇಲ್ಲಿ ಅಂಗಡಿಯ ಹುಡುಗಿ ಬಂದು, ಏನಾದರೂ ತೊಂದರೆಯಾಯಿತೇ, ಕ್ಷಮಿಸಿ ಎಂದಳು. ಈ ದೇಶದಲ್ಲಿ ನಾವು ಅವರ ಕಾಲು ತುಳಿದರೂ ಅವರೇ ಕ್ಷಮೆ ಕೇಳುತ್ತಾರೆ. ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಬೆಳಿಗ್ಗೆ ಒಂಬತ್ತಕ್ಕೆ ಇವರನ್ನು ನಿಲ್ಲಿಸಿದರೆ ಕ್ಷಮೆ ಕೇಳಿ ಕೇಳಿಯೇ ಗಂಟಲು ಕಟ್ಟಿ ಹೋದಾರು.

ಸಾಹೇಬರ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಸಾಲ್ಮನ್ ಮೀನಿನ ಊರಿನಲ್ಲಿ ಅವರು ಮೂರು ಹೊತ್ತೂ ಬೇಯಿಸಿದ ಆಲೂಗಡ್ಡೆ ತಿಂದು ಕೂತಿದ್ದರು. ನನ್ನ ಹತ್ತಿರ ಉಪ್ಪಿನಕಾಯಿ ಇತ್ತು. ನಾನು ಕೊಡಲಿಲ್ಲ ಎಂದಲ್ಲ, ಸ್ವಲ್ಪ ತಡವಾಗಿ ಕೊಟ್ಟೆ.

ಮೂರನೇ ದಿನ, ಕಲ್ಲಿನ ಕಟ್ಟೆ

ಕಾರ್ಯಕ್ರಮದ ಹಾಳೆಯಲ್ಲಿ ಕಡಲ ದಂಡೆಯ ಭೇಟಿ ಹತ್ತು ಗಂಟೆಗೆ ಎಂದಿತ್ತು. ಆ ಊರಿನ ಮೂಲ ಜನರ ಹಿರಿಯಳು, ರೋಸ್ ಎಂಬ ಅಜ್ಜಿ, ಹಿಂದಿನ ಸಂಜೆ ಪೆನ್ನು ತೆಗೆದು ಅದನ್ನು ಹೊಡೆದುಹಾಕಿ ಆರೂವರೆ ಎಂದು ಬರೆದಳು. ಹೋಟೆಲಿನಲ್ಲಿ ಉಪಾಹಾರ ಶುರುವಾಗುವುದೇ ಏಳಕ್ಕೆ. ಅರ್ಧದಷ್ಟು ವಿಜ್ಞಾನಿಗಳು ಮೂಲನಿವಾಸಿಗಳ ತಿಳಿವಳಿಕೆಗಿಂತ ಮೊಟ್ಟೆಯೇ ಮೇಲು ಎಂದು ಉಳಿದುಬಿಟ್ಟರು. ನಮ್ಮ ಸಾಹೇಬರು ಅವರಲ್ಲಿ ಒಬ್ಬರು, ಮೊಟ್ಟೆ ತಿನ್ನದಿದ್ದರೂ.

ನೀರು ಇಳಿದು ದೂರ ಹೋಗಿತ್ತು. ಅದರ ಅಂಚಿನಲ್ಲಿ ಮೊಣಕಾಲೆತ್ತರಕ್ಕೆ ಕಲ್ಲುಗಳ ಸಾಲು, ಬಾಗಿದ ಕಟ್ಟೆಯ ಹಾಗೆ. ಅದರ ಹಿಂದೆ ಮರಳು ಸಮತಟ್ಟಾಗಿ ನಿಂತಿತ್ತು. ತನ್ನ ಅಜ್ಜಿಯಂದಿರ ಅಜ್ಜಿಯಂದಿರು ಉರುಳಿಸಿ ಇಟ್ಟ ಕಲ್ಲುಗಳು ಇವು, ಈ ಮರಳಿನಲ್ಲಿ ಚಿಪ್ಪುಮೀನು ಚೆನ್ನಾಗಿ ಬೆಳೆಯುತ್ತದೆ, ಇದು ನಮ್ಮ ಹೊಲ ಎಂದಳು ರೋಸ್.

ಜೊತೆಗೆ ಪೀಟರ್ ಎಂಬ ವಿಜ್ಞಾನಿ ಇದ್ದ, ಕೆಸರು ಮೆತ್ತಿದ ದೊಡ್ಡ ಬೂಟಿನವನು. ಅವನು ಮರಳಿನಲ್ಲಿ ಚೌಕ ಹಾಕಿ, ಅಗೆದು, ಒಂದೊಂದನ್ನೂ ಎಣಿಸಿ, ಚಿಪ್ಪಿನ ಗೆರೆ ನೋಡಿ ವಯಸ್ಸು ಬರೆಯುತ್ತಿದ್ದ. ಈ ಮೂಲೆಯಲ್ಲಿ ದೊಡ್ಡವು ಇಲ್ಲ ಎಂದು ರೋಸ್, ಇವೆ ಎಂದು ಅವನು. ಇಬ್ಬರೂ ಮೊಣಕಾಲೂರಿ ಕೂತು ಜಗಳ ಆಡಿದರು. ಅವನು ಅಗೆದು ತೋರಿಸಿದ, ಅವಳು ಗೊಣಗುತ್ತ ಒಪ್ಪಿದಳು. ಇನ್ನೊಂದು ಕಡೆ ಅವಳು ಹೇಳಿದ್ದೇ ನಿಜವಾಯಿತು, ಅವನು ತನ್ನ ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕಿದ. ಎರಡು ದಿನದ ವೃತ್ತ, ಚೀಟಿ, ಗೌರವಗಳ ನಡುವೆ ನನಗೆ ನಂಬಿಕೆ ಹುಟ್ಟಿಸಿದ್ದು ಆ ಜಗಳ ಒಂದೇ.

ಮಾವ್ಶಿ ಯಾರನ್ನೂ ಕೇಳಲಿಲ್ಲ. ಕಾಲುಚೀಲ ಕಳಚಿ, ಆ ಮಂಜಿನಂಥ ನೀರಿಗೆ ಇಳಿದು, ಹಿಮ್ಮಡಿಯಿಂದ ಮರಳು ಒತ್ತುತ್ತ ಹಿಂದಕ್ಕೆ ನಡೆದಳು. ನಿಂತಲ್ಲಿ ಬಗ್ಗಿ ಕೈ ಹಾಕಿದರೆ ಒಂದು ಚಿಪ್ಪು. ರೋಸ್ ಅಜ್ಜಿ ಜಗಳ ನಿಲ್ಲಿಸಿ ನೋಡಿದಳು. ಮಾವ್ಶಿ ಸಣ್ಣದನ್ನು ಮತ್ತೆ ಮರಳಿಗೆ ಒತ್ತಿದಳು. ಮರಿಗಳು ನೆಲೆಯೂರಲಿ ಎಂದು ರೋಸ್ ಒಡೆದ ಚಿಪ್ಪಿನ ಚೂರುಗಳನ್ನು ಹೊಲದ ಮೇಲೆ ಎರಚಿದಳು. "ನಾವೂ ಹಾಗೇ, ನಾವೂ ಹಾಗೇ" ಎಂದು ಮಾವ್ಶಿ ಮರಾಠಿಯಲ್ಲಿ ಕೂಗಿದಳು. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

"ಇದನ್ನು ಸರಕಾರದವರು ಎಷ್ಟೋ ವರ್ಷ ಕಂಡೇ ಇರಲಿಲ್ಲ" ಎಂದಳು ರೋಸ್. "ಸರ್ವೇ ದೋಣಿ ಬರುತ್ತಿತ್ತು. ದೋಣಿ ದಡಕ್ಕೆ ಬರಲು ನೀರು ಬೇಕು. ನೀರು ತುಂಬಿರುವಾಗ ಬಂದರು, ಇಲ್ಲಿ ಏನೂ ಇಲ್ಲ ಎಂದು ಬರೆದುಕೊಂಡು ಹೋದರು."

ನಾನು ಹೇಳಿದೆ. ಮಾವ್ಶಿ ನಕ್ಕಳು. "ಎಲ್ಲ ಸರಕಾರದ ಗಡಿಯಾರವೂ ಒಂದೇ ಅಂಗಡಿಯದ್ದು. ನಮ್ಮ ತಿಟ್ಟೆಯೂ ಹಾಗೇ ಅಂತ ಹೇಳು ಅವಳಿಗೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಪೂರ್ತಿ ಇಳೀತದೆ, ಆದರೆ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ. ಮಧ್ಯಾಹ್ನ ತುಂಬಿ ಮೇಲೆ ಬರ್ತದೆ. ಅಷ್ಟಮಿಗೆ ಮಧ್ಯಾಹ್ನ ಇಳಿತ, ಆದರೆ ಅರ್ಧವೂ ಇಳಿಯೂದಿಲ್ಲ, ತಿಟ್ಟೆ ತಲೆ ಎತ್ತೂದಿಲ್ಲ."

ನಾನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದೆ, ಅರ್ಧಕ್ಕೆ ನಿಂತೆ. ಹುಣ್ಣಿಮೆಯ ಹನ್ನೊಂದಕ್ಕೆ ನೀರು ತುಂಬುತ್ತಿರುತ್ತದೆ. ಅಷ್ಟಮಿಯ ಹನ್ನೊಂದಕ್ಕೆ ಇಳಿಯುತ್ತಿದ್ದರೂ ಸಾಲದು. ನಡುವಿನ ತಿಥಿಗಳಿಗೂ ಅದೇ ಗತಿ. ಹತ್ತೂವರೆಗೆ ಸಹಿ ಹಾಕಿ ಹನ್ನೊಂದಕ್ಕೆ ದಂಡೆಗೆ ಬರುವವಳಿಗೆ ಮೂರು ವರ್ಷವಲ್ಲ, ಮುನ್ನೂರು ವರ್ಷ ಬಂದರೂ ಆ ತಿಟ್ಟೆ ಕಾಣುವುದಿಲ್ಲ. ಅಮಾವಾಸ್ಯೆಯ ಮಧ್ಯಾಹ್ನ ಭರತ ಏರುತ್ತದೆ ಎಂದು ನನ್ನ ಅಜ್ಜಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಚಿಕ್ಕಂದಿನಲ್ಲಿ ಕೇಳಿದ್ದೆ. ಆದರೆ ಫಾರಂನಲ್ಲಿ ತಾರೀಕಿಗೆ ಜಾಗವಿತ್ತು, ತಿಥಿಗೆ ಇರಲಿಲ್ಲ, ನೀರು ಎಷ್ಟಿದೆ ಎಂದು ಬರೆಯಲೂ ಇರಲಿಲ್ಲ. ಇಲ್ಲದ ಜಾಗದಲ್ಲಿ ಯೋಚಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಗಿತ್ತು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಮಾವ್ಶಿಗೆ ಗೊತ್ತಾದರೆ ಏನು ಗತಿ ಎಂದು.

ಐದನೇ ದಿನ, ವೇದಿಕೆ

ಸಾಹೇಬರು ನಮ್ಮ ಖಾಡಿಯ ನಕ್ಷೆ ತೋರಿಸಿದರು. ಬಣ್ಣ ಬಣ್ಣದ ಚುಕ್ಕಿಗಳು. ಮಾವ್ಶಿಯ ತಿಟ್ಟೆ ಇರುವ ಕಡೆ ಬಿಳಿ. ಮುಂದಿನ ಚಿತ್ರದಲ್ಲಿ ನಾನು ತುಂಬಿಸಿದ ಫಾರಂ, ಪರದೆಯ ತುಂಬ ನನ್ನ ಅಕ್ಷರ, ಸಾಲಾಗಿ ಸೊನ್ನೆಗಳು, ಕೆಳಗೆ ನನ್ನ ಸಹಿ. ಕೊನೆಯ ಚಿತ್ರ ಮಾವ್ಶಿಯದು, ನತ್ತಿನ ಸಮೇತ. ಎರಡು ತಿಳಿವಳಿಕೆಗಳ ಸಂಗಮ ಎಂದು ಕೆಳಗೆ ಬರೆದಿತ್ತು. ಚಪ್ಪಾಳೆಯಾಯಿತು.

ಮಾವ್ಶಿಯನ್ನು ಎರಡು ಮಾತಾಡಲು ಕರೆದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ಆ ಬಿಳಿ ಜಾಗದಲ್ಲಿ ನಮ್ಮ ಕೇರಿಯ ಹೆಂಗಸರು ಹುಟ್ಟಿದಾಗಿಂದ ದುಡೀತಾರೆ. ನನ್ನ ಸೊಂಟ ಬಗ್ಗಿದ್ದು ಅಲ್ಲಿ. ನನ್ನ ಮಕ್ಕಳನ್ನು ಸಾಕಿದ್ದು ಅದೇ ಕೆಸರು. ಅಲ್ಲಿ ಏನೂ ಇಲ್ಲ, ಯಾರೂ ಇಲ್ಲ ಅಂತ ಒಬ್ಬ ಬರೆದಿದ್ದಾನೆ. ಆ ಕಾಗದ ತೋರಿಸಿ ನಾಳೆ ಮಣ್ಣು ಹಾಕ್ತಾರೆ. ಅವ ಬಂದು ನೋಡಿದ್ನಾ? ಯಾವಾಗ ನೋಡಿದ? ಅವನಿಗೆ ತಾಯಿ ಇಲ್ವಾ, ನೀರು ಯಾವಾಗ ಏರ್ತದೆ ಅಂತ ಹೇಳಿಕೊಡ್ಲಿಕ್ಕೆ?"

ಎಲ್ಲರೂ ನನ್ನ ಕಡೆ ತಿರುಗಿದರು. ಸಾಹೇಬರು ಕಣ್ಣಿನಲ್ಲೇ ಬೇಡ ಎಂದರು. ನಾನು ಮೈಕಿನಲ್ಲಿ ಹೇಳಿದೆ: "ಈ ಜಾಗದ ಬಗ್ಗೆ ಮಾಹಿತಿಯಲ್ಲಿ ಸ್ವಲ್ಪ ಕೊರತೆ ಇದೆ ಎಂದು ಇವರ ಅಭಿಪ್ರಾಯ."

ಮಾವ್ಶಿ ನನ್ನನ್ನು ನೋಡಿದಳು. "ನಾನು ಅಷ್ಟು ಹೇಳಿದೆ, ನೀನು ಇಷ್ಟರಲ್ಲಿ ಮುಗಿಸಿದ್ಯಾ?"

ಆಗ ರೋಸ್ ಅಜ್ಜಿ ಕೂತಲ್ಲಿಂದಲೇ ಕೇಳಿದಳು: "ಆ ಫಾರಂ ತುಂಬಿಸಿದವರು ಯಾವ ಹೊತ್ತಿಗೆ ಅಲ್ಲಿಗೆ ಹೋಗುತ್ತಿದ್ದರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಮೈಕಿನಿಂದ ಕೆಳಗಿಳಿಯಿತು. ಸಾಹೇಬರು, "ವಾರಿಜಾಬಾಯಿ, ನಾ ಹೇಳ್ತೀನಿ ಬಿಡ್ರಿ, ವೇಳ್ಯಾ ಎಲ್ಲಾ ರ್‍ಯಾಂಡಮ್ ಇತ್ತು ಅಂತೀನಿ" ಎಂದು ಕನ್ನಡದಲ್ಲಿ ಪಿಸುಗುಟ್ಟಿದರು. ಆ ಸಭೆಯಲ್ಲಿ ಕನ್ನಡ ತಿಳಿದವರು ನಾವಿಬ್ಬರೇ. ಸುಳ್ಳಿಗೆ ಅಷ್ಟು ಸುರಕ್ಷಿತ ಜಾಗ ಇನ್ನೊಂದಿಲ್ಲ.

"ಹನ್ನೊಂದು ಗಂಟೆಗೆ" ಎಂದೆ ಇಂಗ್ಲಿಷಿನಲ್ಲಿ. "ಪ್ರತಿ ಸಲವೂ ಹನ್ನೊಂದು ಗಂಟೆಗೆ. ಆಗ ತಿಟ್ಟೆ ನೀರಿನ ಕೆಳಗೆ ಇರುತ್ತದೆ. ಹೆಂಗಸರು ಆರಿಸಿ ಮುಗಿಸಿ ಮಾರ್ಕೆಟ್ಟಿಗೆ ಹೋಗಿರುತ್ತಾರೆ. ನೋಡಲಿಲ್ಲ ಎಂದು ಬರೆಯಬೇಕಿತ್ತು, ಇಲ್ಲ ಎಂದು ಬರೆದಿದೆ. ಬರೆದವಳು ನಾನು."

ಮಾವ್ಶಿ ನನ್ನ ತೋಳು ಹಿಡಿದು, "ಎಂತ ಹೇಳಿದ್ದು?" ಎಂದು ಕೇಳಿದಳು. ಮರಾಠಿಯಲ್ಲಿ ಅದನ್ನೇ ಇನ್ನೊಮ್ಮೆ ಹೇಳುವುದು ಬಹಳ ಕಷ್ಟವಾಯಿತು. ಅವಳು ಕೂಗುತ್ತಾಳೆ ಎಂದುಕೊಂಡಿದ್ದೆ. ಕೂಗಲಿಲ್ಲ.

"ಮೀನು ಬುಟ್ಟಿ ಹೊತ್ತವಳ ಮೊಮ್ಮಗಳು ಅಂದಿದ್ದೆ ನೀನು" ಎಂದಳು. ತೋಳು ಬಿಟ್ಟು ಹೋಗಿ ರೋಸ್ ಅಜ್ಜಿಯ ಪಕ್ಕ ಕೂತಳು.

ಪೀಟರ್ ತನ್ನ ಗುರುಗಳ ನಕ್ಷೆಯಲ್ಲೂ ಆ ಕಲ್ಲಿನ ಕಟ್ಟೆ ಬಿಳಿಯಾಗಿಯೇ ಇತ್ತು, ತಿದ್ದಬಹುದು ಎಂದು ನನಗೆ ಸಮಾಧಾನ ಹೇಳಿದ. ಸಭೆಯವರು ಎದ್ದು ನಿಂತು ನನ್ನ ಪ್ರಾಮಾಣಿಕತೆಗೆ ಚಪ್ಪಾಳೆ ಹೊಡೆದರು. ಇಂಥ ಜನರನ್ನು ನಾನು ಕಂಡಿಲ್ಲ. ತಪ್ಪು ಮಾಡಿದವಳಿಗೂ ಚಪ್ಪಾಳೆ, ತಪ್ಪಿನಿಂದ ನೆಲ ಕಳೆದುಕೊಳ್ಳುವವಳಿಗೂ ಚಪ್ಪಾಳೆ.

ಮತ್ತೆ ಸೀವುಡ್ಸ್

ಹಿಂದಿರುಗುವ ಇಪ್ಪತ್ತನಾಲ್ಕು ಗಂಟೆಯ ಪ್ರಯಾಣದಲ್ಲಿ ಮಾವ್ಶಿ ನನ್ನೊಡನೆ ಆಡಿದ್ದು ಒಂದೇ ಮಾತು, ಅದೂ ಸೀಟಿನ ಬೆಲ್ಟ್ ಬಿಚ್ಚಿ ಕೊಡು ಎಂದು.

ಮರುದಿನ ಆಫೀಸಿನಲ್ಲಿ ಎಪ್ಪತ್ತೆರಡು ಫಾರಂಗಳನ್ನೂ ತೆಗೆಸಿದೆ. ಒಂದೊಂದು ಸೊನ್ನೆಯನ್ನೂ ಹೊಡೆದು, "ತಿಟ್ಟೆ ನೀರಿನಡಿ, ನೋಡಿಲ್ಲ" ಎಂದು ಬರೆದು ಸಹಿ ಹಾಕಿದೆ. ತಿದ್ದುಪಡಿಗೆ ಕಾರಣ ಬರೆಯುವ ಒಂದು ಕಾಗದ ಬೇರೆ ಇದೆ. ಯಂತ್ರದ ದೋಷ, ಹವಾಮಾನ, ಅಚ್ಚಿನ ತಪ್ಪು ಎಂದು ಮೂರೇ ಕಾರಣಗಳನ್ನು ಅಚ್ಚು ಹಾಕಿದ್ದರು. ಮನುಷ್ಯರಿಂದ ತಪ್ಪಾಗುತ್ತದೆ ಎಂದು ಅದನ್ನು ಅಚ್ಚು ಹಾಕಿದವರಿಗೆ ಹೊಳೆದಿರಲಿಲ್ಲ. ಅಂಚಿನಲ್ಲಿ "ಸಮೀಕ್ಷೆ ಮಾಡಿದವಳ ತಪ್ಪು" ಎಂದು ಬರೆದೆ.

ಸಾಹೇಬರು ಕಾಗದವನ್ನು ಎರಡು ಸಲ ಓದಿದರು. "ಅಲ್ರೀ, ಹವಾಮಾನ ಅಂತ ಹಾಕ್ರಲಾ. ಇದನ್ನ ಬರದ್ರ ನಿಮ್ಮ ಪ್ರಮೋಶನ್ ಹೋತು. ನನಗೂ ಮ್ಯಾಲಿನವ್ರು ಕೇಳ್ತಾರ, ಮೂರ್ ವರ್ಷ ನೀವೇನ್ ಮಾಡಾಕತ್ತಿದ್ರಿ ಅಂತ."

"ಕೇಳಲಿ ಸಾರ್. ಕೇಳಬೇಕಾದದ್ದೇ ಅಲ್ವಾ ಅದು" ಎಂದೆ.

ಅವರು ಸಹಿ ಹಾಕಿದರು. ಮನಸ್ಸು ಬದಲಾಗಿ ಎಂದು ಹೇಳಲಾರೆ. ಕಮ್ಮಟದವರ ವರದಿಯಲ್ಲಿ ನಾನು ಆಡಿದ ಮಾತು ಅಚ್ಚಾಗುತ್ತದೆ ಎಂದು ಅವರಿಗೆ ಪೀಟರನ ಪತ್ರ ಬಂದಿತ್ತು. ಅಂತೂ ನಮ್ಮ ವರದಿ ಅಚ್ಚಿನ ಬಾಗಿಲಿನಿಂದ ವಾಪಸ್ ಬಂತು, ಮರುಸಮೀಕ್ಷೆ ಎಂದಾಯಿತು, ಅದು ಮುಗಿಯುವವರೆಗೆ ಮಣ್ಣು ಹಾಕುವಂತಿಲ್ಲ ಎಂದೂ ಆಯಿತು. ನನ್ನ ಬಡ್ತಿ ಸಾಹೇಬರು ಹೇಳಿದ ಹಾಗೆಯೇ ಹೋಯಿತು.

ಮೊದಲ ಅಮಾವಾಸ್ಯೆಗೆ ಠಾಕುರ್ಲಿಯಿಂದ ನಸುಕಿನ ಗಾಡಿ ಹಿಡಿದೆ. ಆರು ಗಂಟೆಗೆ ದಂಡೆಯಲ್ಲಿ ನಿಂತಾಗ ನಾನು ಮೂರು ವರ್ಷ ನೀರು ಎಂದು ಬರೆದ ಕಡೆ ಒಂದು ಮೈದಾನವೇ ಎದ್ದು ಕೂತಿತ್ತು. ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಸೊಂಟ ಬಗ್ಗಿಸಿ ಆರಿಸುತ್ತಿದ್ದರು. ಒಬ್ಬಿಬ್ಬರು ತಲೆ ಎತ್ತಿ ನೋಡಿ ಮತ್ತೆ ಬಗ್ಗಿದರು. ನಾನು ಚಪ್ಪಲಿ ಬಿಟ್ಟು ಇಳಿದೆ, ಕೆಸರು ಮೊಣಕಾಲಿನವರೆಗೆ ಬಂತು.

ಮಾವ್ಶಿಯ ಹತ್ತಿರ ಹೋಗಿ, "ಎಷ್ಟು ಅಂತ ಬರೆಯಲಿ ಮಾವ್ಶಿ? ನೀವು ಹೇಳಿ, ನಾನು ಬರೆಯುತ್ತೇನೆ" ಎಂದೆ. ಗೌರವ ತೋರಿಸಿದೆ ಎಂದುಕೊಂಡಿದ್ದೆ.

"ನಾನು ಯಾಕೆ ಹೇಳ್ಲಿ? ಬಗ್ಗು. ಎಣಿಸು."

ಬಗ್ಗಿದೆ. ಪೀಟರ್ ಮಾಡಿದ ಹಾಗೆ ಹಗ್ಗದಿಂದ ಚೌಕ ಹಾಕಿದೆ, ಮಾವ್ಶಿ ಹಿಮ್ಮಡಿಯಿಂದ ತೋರಿಸಿದ ಕಡೆ ಅಗೆದೆ. ಒಂದೊಂದಾಗಿ ಎತ್ತಿ ಎಣಿಸಿದೆ, ಸಣ್ಣವನ್ನು ಮತ್ತೆ ಒತ್ತಿದೆ. ನಾಲ್ಕು ಚೌಕ ಆಗುವಷ್ಟರಲ್ಲಿ ಬೆನ್ನು ಬಿದ್ದುಹೋಗುವ ಹಾಗಾಯಿತು, ನೀರು ತಿರುಗಿ ಏರತೊಡಗಿತು. ದಂಡೆಗೆ ಬಂದು ಫಾರಂ ತುಂಬಿಸಿದೆ. ಸಮೀಕ್ಷೆ ಮಾಡಿದವರು ಎಂಬಲ್ಲಿ ಬರೆಯಲು ಪೆನ್ನನ್ನು ಮಾವ್ಶಿಯ ಕಡೆ ಚಾಚಿ, "ಇಲ್ಲಿ ನಿಮ್ಮ ಹೆಸರು ಹಾಕೋಣ" ಎಂದೆ.

ಅವಳು ಬುಟ್ಟಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು.

"ಸೊನ್ನೆಗೆ ನಿನ್ನ ಹೆಸರು ಹಾಕಿದ್ದೆಯಲ್ಲ ಪೋರಿ. ಇದಕ್ಕೂ ನಿನ್ನದೇ ಹಾಕು."